ಶಿಬಿರ ಮುಗಿಯಿತು, ಮುಂದೇನು?



ಬೇಸಿಗೆ ಬಂತೆಂದರೆ ಶಾಲೆಗೆ ರಜೆ. ಮಕ್ಕಳಿಗೆ ಆಟ. ಈಗ ಊರೂರಿನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತವೆ. ಹಾಡು, ನಾಟಕ, ಚಿತ್ರ, ಆಟ ಎಲ್ಲ ಇರುತ್ತವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಹೆಸರು ನೀವು ಕೇಳಿರಬಹುದು. ಸಣ್ಣ ಊರುಗಳಲ್ಲೂ ಶಾಲೆ, ಸಂಘ, ಮಠಗಳು ಶಿಬಿರ ಮಾಡುತ್ತವೆ.

ಶಿಬಿರ ಅಂದರೆ ಮಕ್ಕಳಿಗೆ ಖುಷಿ. ದೊಡ್ಡವರಿಗೆ ಕೆಲಸ. ಅಡುಗೆ ಮಾಡುವವರು ಬೇಕು. ನೀರು ತುಂಬುವವರು ಬೇಕು. ಕಸ ಗುಡಿಸುವವರು ಬೇಕು. ಆಟ ಆಡಿಸುವವರು ಬೇಕು. ರಾತ್ರಿ ಮಕ್ಕಳನ್ನು ನೋಡಿಕೊಳ್ಳುವವರು ಬೇಕು.

ಆದರೆ ಈ ಕೆಲಸ ಒಂದೇ ತಿಂಗಳು. ಮೇ ಕೊನೆಗೆ ಶಾಲೆ ಶುರು. ಶಿಬಿರ ಬಂದ್. ಕೆಲಸವೂ ಬಂದ್.

ಹೋದ ಬೇಸಿಗೆಯಲ್ಲಿ ನಮ್ಮ ಕಲಿಕಾ ಕೇಂದ್ರದ ಒಬ್ಬ ತಾಯಿ ಇಂಥ ಶಿಬಿರದಲ್ಲಿ ಅಡುಗೆ ಕೆಲಸಕ್ಕೆ ಹೋಗಿದ್ದರು. ನಮ್ಮದು ಧಾರವಾಡದ ಕಡೆಯ ಹಳ್ಳಿ. ಶಿಬಿರ ಪಕ್ಕದ ಪೇಟೆಯಲ್ಲಿತ್ತು. 60 ಮಕ್ಕಳು. ಮೂರು ಹೊತ್ತಿನ ಅಡುಗೆ. ಶಿಬಿರ ಮುಗಿದ ಮರುದಿನ ಆ ತಾಯಿ ಸಂಜೆ ಕೇಂದ್ರಕ್ಕೆ ಬಂದರು. ಮುಖ ಸಣ್ಣದಾಗಿತ್ತು.

"ಶಿಬಿರ ಮುಗೀತ್ರಿ ಅಕ್ಕಾರ. ನಾಳಿಂದ ಮತ್ತ ಖಾಲಿ ಕೈ. ಏನ್ ಮಾಡೂದ್ರಿ?" ಅಂದರು.

ಇದು ಅವರೊಬ್ಬರ ಪ್ರಶ್ನೆ ಅಲ್ಲ. ಕಬ್ಬು ಕಡಿಯಲು ಹೋದವರ ಪ್ರಶ್ನೆಯೂ ಇದೇ. ಇಟ್ಟಿಗೆ ಭಟ್ಟಿಗೆ ಹೋದವರ ಪ್ರಶ್ನೆಯೂ ಇದೇ. ಹಂಗಾಮಿನ ಕೆಲಸ ಮಾಡುವ ಎಲ್ಲರೂ ಒಂದು ದಿನ ಹೀಗೆ ಕೇಳಲೇಬೇಕು. ಅದಕ್ಕೇ ಆ ತಾಯಿ ಏನು ಮಾಡಿದರು, ನಾವೆಲ್ಲ ಸೇರಿ ಏನು ಕಲಿತೆವು ಎಂದು ಇಲ್ಲಿ ಬರೆದಿದ್ದೇವೆ. ನಿಧಾನವಾಗಿ ಓದಿ. ಲೆಕ್ಕ ಬಂದಲ್ಲಿ ನೀವೂ ಪಾಟಿ ಹಿಡಿದು ಮಾಡಿ ನೋಡಿ.

1. ಮೊದಲು ಹಳೆಯ ಲೆಕ್ಕ ಮುಗಿಸಿ

ಹೊಸ ಕೆಲಸದ ಮಾತು ಆಮೇಲೆ. ಮೊದಲು ಹಳೆಯ ಕೆಲಸದ ಕೂಲಿ ಪೂರಾ ಬಂದಿದೆಯೇ ನೋಡಬೇಕು.

ಆ ತಾಯಿಗೆ ದಿನಕ್ಕೆ 500 ರೂಪಾಯಿ ಕೂಲಿ ಎಂದು ಮಾತಾಗಿತ್ತು. ನಡುವೆ 3,000 ರೂಪಾಯಿ ಮುಂಗಡ ತೆಗೆದುಕೊಂಡಿದ್ದರು. ಕೊನೆಯ ದಿನ ಶಿಬಿರ ನಡೆಸಿದವರು 10,000 ರೂಪಾಯಿ ಕೈಗೆ ಕೊಟ್ಟರು. "ಹಿಸಾಬು ಚುಕ್ತಾ ಆತು. ಇಲ್ಲಿ ಸಹಿ ಮಾಡ್ರಿ" ಅಂದರು.

ಮುಂಚೆ ಆಗಿದ್ದರೆ ಆ ತಾಯಿ ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. ಈಗ ಹಾಗಲ್ಲ. ಅವರ ಸೆರಗಿನ ಗಂಟಿನಲ್ಲಿ ಒಂದು ಸಣ್ಣ ಪುಸ್ತಕ ಇತ್ತು. ಕೇಂದ್ರದಲ್ಲಿ ಕೊಟ್ಟದ್ದು. ದಿನಾ ರಾತ್ರಿ ಅದರಲ್ಲಿ ತಾರೀಖು ಬರೆದು ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಎಣಿಸಿದರು. 28 ಗೆರೆ ಇದ್ದವು.

28 ದಿನಕ್ಕೆ 500 ರಂತೆ 14,000 ರೂಪಾಯಿ.
ಮುಂಗಡ ಕಳೆದರೆ, 14,000 − 3,000 = 11,000 ರೂಪಾಯಿ.
ಕೊಟ್ಟದ್ದು 10,000 ರೂಪಾಯಿ.
ಕಡಿಮೆ ಬಂದದ್ದು 1,000 ರೂಪಾಯಿ.

ಯಾಕೆ ಹೀಗಾಯಿತು? ಶಿಬಿರ ಶುರುವಾಗುವ ಮುಂಚೆ ಎರಡು ದಿನ ಪಾತ್ರೆ ತೊಳೆಯಲು, ಕಾಳು ಹಸನು ಮಾಡಲು ಹೋಗಿದ್ದರು. ಆ ಎರಡು ದಿನ ಅವರ ಹಾಜರಿಯಲ್ಲಿ ಬಿಟ್ಟುಹೋಗಿತ್ತು.

ಆ ತಾಯಿ ಜಗಳ ಆಡಲಿಲ್ಲ. ಪುಸ್ತಕ ತೆರೆದು ತೋರಿಸಿದರು. "ಇಲ್ನೋಡ್ರಿ, ಈ ತಾರೀಖು, ಈ ತಾರೀಖು ನಾ ಬಂದೀನಿ" ಅಂದರು. ಅವರು ನೋಡಿದರು. ಸ್ವಲ್ಪ ಹೊತ್ತು ಗೊಣಗಿದರು. ಕೊನೆಗೆ 1,000 ರೂಪಾಯಿ ಕೊಟ್ಟರು.

ಎರಡು ಗೆರೆ. ಒಂದು ಸಾವಿರ ರೂಪಾಯಿ. ಅಕ್ಷರ ಕಲಿತು ಏನು ಬಂತು ಎಂದು ಕೇಳುವವರಿಗೆ ಇದನ್ನು ಹೇಳಿ.

ಕಾನೂನು ಏನು ಹೇಳುತ್ತದೆ?

ಕೂಲಿಯ ಬಗ್ಗೆ 2019ರಲ್ಲಿ ವೇತನ ಸಂಹಿತೆ ಎಂಬ ಕಾನೂನು ಆಯಿತು. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ನಮಗೆ ಬೇಕಾದ ಮೂರು ಮಾತು ಇವೆ.

ಒಂದು. ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ.

ಎರಡು. ಒಂದೇ ಥರದ ಕೆಲಸಕ್ಕೆ ಗಂಡಸಿಗೆ ಒಂದು ಕೂಲಿ, ಹೆಂಗಸಿಗೆ ಒಂದು ಕೂಲಿ ಎನ್ನುವಂತಿಲ್ಲ.

ಮೂರು. ಕೆಲಸದಿಂದ ತೆಗೆದರೆ, ನಾವೇ ಬಿಟ್ಟರೆ, ಇಲ್ಲವೆ ಕೆಲಸದ ಜಾಗವೇ ಮುಚ್ಚಿದರೆ, ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳ ಒಳಗೆ ಕೊಡಬೇಕು.

"ಆಮ್ಯಾಲೆ ಬಾ, ಮುಂದಿನ ವಾರ ಬಾ" ಎಂದು ಅಲೆಸಿದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಡಬಹುದು. ಹೋಗುವಾಗ ನಿಮ್ಮ ಗೆರೆಯ ಪುಸ್ತಕ ತೆಗೆದುಕೊಂಡು ಹೋಗಿ. ಜೊತೆಗೆ ಕೆಲಸ ಮಾಡಿದ ಇಬ್ಬರನ್ನು ಕರೆದುಕೊಂಡು ಹೋಗಿ. ಬರಿಯ ಬಾಯಿ ಮಾತಿಗಿಂತ ಬರೆದ ಮಾತಿಗೆ ಬೆಲೆ ಹೆಚ್ಚು.

2. ಬಂದ ಹಣಕ್ಕೆ ಮನೆ ಮಾಡಿ

11,000 ರೂಪಾಯಿ ಕೈಗೆ ಬಂತು. ಹಣಕ್ಕೆ ಕಾಲು ಇರುತ್ತವೆ. ಬಂದ ದಾರಿ ಗೊತ್ತಾಗುತ್ತದೆ, ಹೋದ ದಾರಿ ಗೊತ್ತಾಗುವುದಿಲ್ಲ. ಅದಕ್ಕೆ ಬಂದ ದಿನವೇ ಹಂಚಿ ಇಡಬೇಕು.

ಆ ತಾಯಿ ಮನೆಯವರ ಜೊತೆ ಕುಳಿತು ಹೀಗೆ ಹಂಚಿದರು.

ಕಿರಾಣಿ ಅಂಗಡಿಯ ಉದ್ರಿ ತೀರಿಸಲು 4,000 ರೂಪಾಯಿ.
ಮಕ್ಕಳ ಶಾಲೆಯ ಖರ್ಚಿಗೆ 3,000 ರೂಪಾಯಿ.
ಬ್ಯಾಂಕಿನ ಖಾತೆಗೆ 3,000 ರೂಪಾಯಿ.
ಹೊಸ ಕೆಲಸ ಮಾಡಿ ನೋಡಲು 1,000 ರೂಪಾಯಿ.

ಮನೆಯವರು ಕೇಳಿದರು, "ಸಾವಿರ ರೂಪಾಯಿ ಸುಮ್ನ ಯಾಕ ತಗದಿಡ್ತಿ? ಹೋದ್ರ?"

ಆ ತಾಯಿ ಅಂದರು, "ಬಿಟ್ಟು ಬಂದಿದ್ರ ಆ ಸಾವಿರ ಹೋಗೇ ಬಿಡ್ತಿತ್ತು. ಪುಸ್ತಕ ತಂದುಕೊಟ್ಟ ರೊಕ್ಕ ಅದು. ಅದರಾಗ ಒಂದ್ ಸಲ ಮಾಡಿ ನೋಡ್ತೀನಿ."

ಇದು ಒಳ್ಳೆಯ ದಾರಿ ಎಂದು ನಮಗೂ ಅನಿಸಿತು. ಹೊಸ ಕೆಲಸಕ್ಕೆ ಹಾಕುವ ಹಣ ಹೋದರೂ ಮನೆ ನಡೆಯುವಷ್ಟು ಸಣ್ಣದಿರಬೇಕು. ಮಗಳ ಕಿವಿಯೋಲೆ ಅಡ ಇಟ್ಟು ಹೊಸ ಕೆಲಸ ಶುರು ಮಾಡಬಾರದು.

3. ನಿಮಗೆ ಏನು ಬರುತ್ತದೆ? ಬರೆದು ನೋಡಿ

"ನನಗ ಏನ್ ಬರ್ತೈತ್ರಿ? ಅಡಿಗಿ ಒಂದು ಬಿಟ್ರ ಏನೂ ಬರೂದಿಲ್ಲ" ಅಂದರು ಆ ತಾಯಿ.

ನಾವು ಒಂದು ಹಾಳೆ ಕೊಟ್ಟೆವು. ಶಿಬಿರದಲ್ಲಿ ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡಿದಿರಿ, ಎಲ್ಲ ಬರೆಯಿರಿ ಅಂದೆವು. ಅವರು ಅರ್ಧ ತಾಸು ಕುಳಿತು ಬರೆದರು. ಕೆಲವು ಒತ್ತಕ್ಷರ ತಪ್ಪಿದ್ದವು. ಆದರೆ ವಿಷಯ ತಪ್ಪಿರಲಿಲ್ಲ.

60 ಮಕ್ಕಳಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಬೇಕು ಎಂದು ಅಳತೆ ಗೊತ್ತು.
ಹೊತ್ತಿಗೆ ಸರಿಯಾಗಿ ಊಟ ತಯಾರು ಮಾಡುವುದು ಗೊತ್ತು.
ಸಂತೆಯಲ್ಲಿ ಸಗಟು ಕಾಯಿಪಲ್ಲೆ ಕೊಳ್ಳುವುದು ಗೊತ್ತು.
ನೀರು ಮುಚ್ಚಿಡುವುದು, ಕೈ ತೊಳೆಯುವುದು, ಸ್ವಚ್ಛ ಇಡುವುದು ಗೊತ್ತು.
ಇಬ್ಬರು ಹುಡುಗಿಯರಿಗೆ ಕೆಲಸ ಹಂಚಿ ಮಾಡಿಸುವುದು ಗೊತ್ತು.
ದಿನಾ 120 ರೊಟ್ಟಿ ಮಾಡುವುದು ಗೊತ್ತು.

ಬರೆದು ಮುಗಿಸಿ ಅವರೇ ಹಾಳೆ ನೋಡಿ ನಕ್ಕರು. "ಇಷ್ಟೆಲ್ಲಾ ನಾ ಮಾಡೀನೇನ್ರೀ?" ಅಂದರು.

ನೋಡಿ, ಶಿಬಿರ ಮುಗಿಯಿತು ನಿಜ. ಆದರೆ ಶಿಬಿರದಲ್ಲಿ ಕಲಿತದ್ದು ಮುಗಿಯಲಿಲ್ಲ. ಅದು ಅವರ ಕೈಯಲ್ಲೇ ಇತ್ತು. ಅದನ್ನು ಯಾರೂ ಕಸಿದುಕೊಳ್ಳಲು ಆಗುವುದಿಲ್ಲ.

ಹಾಳೆಯ ಕೊನೆಯ ಸಾಲು ನಮ್ಮ ಕಣ್ಣಿಗೆ ಬಿತ್ತು. ದಿನಾ 120 ರೊಟ್ಟಿ! ನಮ್ಮ ಕಡೆ ಬಿಳಿಜೋಳದ ಖಡಕ್ ರೊಟ್ಟಿ ಎಲ್ಲರಿಗೂ ಬೇಕು. ಮದುವೆಗೆ ಬೇಕು. ಜಾತ್ರೆಗೆ ಬೇಕು. ಖಾನಾವಳಿಗೆ ಬೇಕು. ಪೇಟೆಯಲ್ಲಿ ನೌಕರಿ ಮಾಡುವವರಿಗೆ ರೊಟ್ಟಿ ಬಡಿಯಲು ಹೊತ್ತಿಲ್ಲ. ಜೋಳ, ರಾಗಿ, ಸಜ್ಜೆ ಒಳ್ಳೆಯ ಆಹಾರ ಎಂದು ಈಗ ಎಲ್ಲರೂ ಹೇಳುತ್ತಾರೆ. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತ್ತು.

ಆ ತಾಯಿ ರೊಟ್ಟಿ ಮಾಡಿ ಮಾರಬೇಕು ಎಂದು ಮನಸ್ಸು ಮಾಡಿದರು.

4. ಮೊದಲ ಸಲ: ಲಾಭವೋ, ನಷ್ಟವೋ?

5 ಕಿಲೋ ಜೋಳ ತಂದರು. ಗಿರಣಿಯಲ್ಲಿ ಬೀಸಿಸಿದರು. ಒಂದು ಕಿಲೋ ಹಿಟ್ಟಿಗೆ 18 ರೊಟ್ಟಿ ಬಂದವು. ಒಟ್ಟು 90 ರೊಟ್ಟಿ. ಮರುದಿನ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಸಂತೆಗೆ ಹೋದರು.

ಬಸ್ಸಿನ ಗದ್ದಲದಲ್ಲಿ 8 ರೊಟ್ಟಿ ಮುರಿದವು. ಒಂದಕ್ಕೆ 8 ರೂಪಾಯಿಯಂತೆ 70 ರೊಟ್ಟಿ ಮಾರಿದರು. 12 ಉಳಿದವು.

ಬಂದ ಹಣ ಎಷ್ಟು?
70 ರೊಟ್ಟಿಗೆ 8 ರಂತೆ 560 ರೂಪಾಯಿ.

ಖರ್ಚು ಎಷ್ಟು?
ಜೋಳ, 5 ಕಿಲೋಗೆ 45 ರಂತೆ 225 ರೂಪಾಯಿ.
ಬೀಸಿದ್ದಕ್ಕೆ 25 ರೂಪಾಯಿ.
ಕಟ್ಟಿಗೆಗೆ 100 ರೂಪಾಯಿ.
ಕಟ್ಟುವ ಹಾಳೆಗೆ 40 ರೂಪಾಯಿ.
ಬಸ್ಸು ಮತ್ತು ಸಂತೆ ಕರ ಸೇರಿ 60 ರೂಪಾಯಿ.
ಒಟ್ಟು 450 ರೂಪಾಯಿ.

560 ರಲ್ಲಿ 450 ಕಳೆದರೆ 110 ರೂಪಾಯಿ ಉಳಿಯಿತು.

"ಸಾವಿರ ಇದ್ದದ್ದು ಸಾವಿರದ ನೂರಾ ಹತ್ತು ಆತ್ರಿ!" ಎಂದು ಆ ತಾಯಿ ಹಿಗ್ಗಿ ಬಂದರು.

ನಾವು ಕೇಳಿದೆವು, "ಅಕ್ಕ, ನಿಮ್ಮ ಕೂಲಿ ಎಲ್ಲಿ ಬರೆದೀರಿ?"

"ನನ್ನ ಕೂಲಿ? ನನ್ನ ಮನಿ ಕೆಲಸಕ್ಕ ನನಗ್ಯಾರು ಕೂಲಿ ಕೊಡ್ತಾರ್ರೀ?"

ಇಲ್ಲಿಯೇ ನಾವು ಬಹಳ ಜನ ತಪ್ಪುತ್ತೇವೆ. ಜೋಳಕ್ಕೆ ಬೆಲೆ ಕಟ್ಟುತ್ತೇವೆ. ಕಟ್ಟಿಗೆಗೆ ಬೆಲೆ ಕಟ್ಟುತ್ತೇವೆ. ನಮ್ಮ ಕೈಗೆ ಮಾತ್ರ ಬೆಲೆ ಕಟ್ಟುವುದಿಲ್ಲ. ಅದರಲ್ಲೂ ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಶಿಬಿರದಲ್ಲಿ ಇದೇ ಕೈಗೆ ದಿನಕ್ಕೆ 500 ರೂಪಾಯಿ ಕೊಟ್ಟಿದ್ದರು. ಮನೆಗೆ ಬಂದ ಕೂಡಲೇ ಆ ಕೈಯ ಬೆಲೆ ಸೊನ್ನೆ ಆಯಿತೇ?

ಒಂದು ದಿನ ಪೂರ್ತಿ ರೊಟ್ಟಿ ಬಡಿದರು. ಮರುದಿನ ಅರ್ಧ ದಿನ ಸಂತೆಯಲ್ಲಿ ಕುಳಿತರು. ಬಂದದ್ದು 110 ರೂಪಾಯಿ. ರೊಟ್ಟಿ ಬಡಿದ ಒಂದು ದಿನಕ್ಕೇ 500 ರೂಪಾಯಿ ಹಿಡಿದರೂ 390 ರೂಪಾಯಿ ಕಡಿಮೆ ಬಿತ್ತು. ಇದು ಲಾಭ ಅಲ್ಲ. ನಷ್ಟ.

ಆ ತಾಯಿ ಬಹಳ ಹೊತ್ತು ಸುಮ್ಮನೆ ಕುಳಿತರು. ನಮಗೂ ಬೇಜಾರಾಯಿತು. ಹಿಗ್ಗಿ ಬಂದವರನ್ನು ಕುಗ್ಗಿಸಿದೆವಲ್ಲ ಅನಿಸಿತು. ಆದರೆ ಲೆಕ್ಕ ಇದ್ದದ್ದು ಇದ್ದ ಹಾಗೆ ಹೇಳಬೇಕು. ಸುಳ್ಳು ಲಾಭ ನಂಬಿ ಆರು ತಿಂಗಳು ದುಡಿದರೆ ಮೈಯೂ ಹಾಳು, ಮನೆಯೂ ಹಾಳು.

5. ಎಲ್ಲಿ ಸೋರಿತು?

ಮರುದಿನ ಆ ತಾಯಿ ಮತ್ತೆ ಬಂದರು. ನೆಗೆಣ್ಣಿಯನ್ನೂ ಕರೆತಂದಿದ್ದರು. "ಬಿಡೂದಿಲ್ರಿ ಅಕ್ಕಾರ. ಎಲ್ಲಿ ಸೋರೇತಿ ನೋಡೋಣು" ಅಂದರು. ಎಲ್ಲರೂ ಕುಳಿತು ಹುಡುಕಿದೆವು. ನಾಲ್ಕು ತೂತು ಸಿಕ್ಕವು.

ಮೊದಲನೆಯದು, ದರ. ಸಂತೆಯಲ್ಲಿ ಬೇರೆಯವರು ಒಂದು ರೊಟ್ಟಿಗೆ 10 ರೂಪಾಯಿ ಹೇಳುತ್ತಿದ್ದರು. ಇವರು ನಾಚಿಕೊಂಡು 8 ಹೇಳಿದ್ದರು. ಮೊದಲು ನಾಲ್ಕು ಕಡೆ ದರ ಕೇಳಬೇಕಿತ್ತು.

ಎರಡನೆಯದು, ಮುರಿದದ್ದು. ಗೋಧಿ ಹಿಟ್ಟಿಗೆ ಅಂಟು ಇರುತ್ತದೆ. ಅದು ಹಿಗ್ಗುತ್ತದೆ. ಜೋಳದ ಹಿಟ್ಟಿಗೆ ಆ ಅಂಟು ಇಲ್ಲ. ಅದಕ್ಕೇ ನಾವು ಬಿಸಿನೀರು ಹಾಕಿ ನಾದುತ್ತೇವೆ. ಒಣಗಿದ ಮೇಲೆ ಜೋಳದ ರೊಟ್ಟಿ ಹಪ್ಪಳದ ಹಾಗೆ ಮುರಿಯುತ್ತದೆ. ಚೀಲದಲ್ಲಿ ಒಯ್ಯಬಾರದು. ಅಗಲವಾದ ಡಬ್ಬಿಯಲ್ಲಿ ಬಟ್ಟೆ ಹಾಸಿ ಒಯ್ಯಬೇಕು.

ಮೂರನೆಯದು, ಕಟ್ಟಿಗೆ. 90 ರೊಟ್ಟಿಗೂ ಹಂಚು ಕಾಯಬೇಕು. 200 ರೊಟ್ಟಿಗೂ ಹಂಚು ಕಾಯಬೇಕು. ಒಮ್ಮೆ ಹೊತ್ತಿಸಿದ ಒಲೆಯಲ್ಲಿ ಹೆಚ್ಚು ರೊಟ್ಟಿ ಮಾಡಿದರೆ ಒಂದೊಂದು ರೊಟ್ಟಿಗೆ ಬೀಳುವ ಖರ್ಚು ಕಡಿಮೆ.

ನಾಲ್ಕನೆಯದು, ಕೊಳ್ಳುವವರು. ಇದು ಎಲ್ಲಕ್ಕಿಂತ ದೊಡ್ಡ ತೂತು. ಇವರು ಮೊದಲು ರೊಟ್ಟಿ ಮಾಡಿದರು. ಆಮೇಲೆ ಕೊಳ್ಳುವವರನ್ನು ಹುಡುಕಿದರು. ಮೊದಲು ಕೊಳ್ಳುವವರನ್ನು ಹುಡುಕಬೇಕು. ಆಮೇಲೆ ಒಲೆ ಹಚ್ಚಬೇಕು.

6. ಎರಡನೆಯ ಸಲ

ಈ ಸಲ ಇಬ್ಬರೂ ಮೊದಲು ಮನೆ ಮನೆಗೆ ಹೋಗಿ ಕೇಳಿದರು. ಒಂದು ಮನೆಯಲ್ಲಿ ಗೃಹಪ್ರವೇಶ ಇತ್ತು. ಅವರು 200 ರೊಟ್ಟಿ ಬೇಕು ಅಂದರು. ಒಂದಕ್ಕೆ 9 ರೂಪಾಯಿ ಮಾತಾಯಿತು. ಅವರೇ ಬಂದು ಒಯ್ಯುವುದು ಎಂದಾಯಿತು. 500 ರೂಪಾಯಿ ಮುಂಗಡ ಕೊಟ್ಟರು. ಆ ತಾಯಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ತಾರೀಖು ಹಾಕಿದರು.

12 ಕಿಲೋ ಹಿಟ್ಟಿಗೆ 216 ರೊಟ್ಟಿ ಆದವು. 6 ಮುರಿದವು. 200 ಕೊಟ್ಟರು. 10 ಮನೆಗೆ ಉಳಿದವು.

ಬಂದ ಹಣ, 200 ರೊಟ್ಟಿಗೆ 9 ರಂತೆ 1,800 ರೂಪಾಯಿ.

ಖರ್ಚು:
ಜೋಳ, 12 ಕಿಲೋಗೆ 45 ರಂತೆ 540 ರೂಪಾಯಿ.
ಬೀಸಿದ್ದಕ್ಕೆ 60 ರೂಪಾಯಿ.
ಕಟ್ಟಿಗೆಗೆ 180 ರೂಪಾಯಿ.
ಕಟ್ಟುವ ಹಾಳೆಗೆ 20 ರೂಪಾಯಿ.
ಒಟ್ಟು 800 ರೂಪಾಯಿ.

1,800 ರಲ್ಲಿ 800 ಕಳೆದರೆ 1,000 ರೂಪಾಯಿ.
ಇಬ್ಬರಿಗೆ ಹಂಚಿದರೆ ಒಬ್ಬರಿಗೆ 500 ರೂಪಾಯಿ.

ಶಿಬಿರದ ಕೂಲಿಯೇ ಬಂತು! ಅದೂ ಸ್ವಂತ ಮನೆಯಲ್ಲಿ. ಸ್ವಂತ ಒಲೆಯ ಮುಂದೆ. ಸಂಜೆ ಮಕ್ಕಳು ಬರುವ ಹೊತ್ತಿಗೆ ಮನೆಯಲ್ಲೇ ಇದ್ದರು.

7. ಮಳೆ ಕಲಿಸಿದ ಪಾಠ

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಖಾನಾವಳಿಯವರು 100 ರೊಟ್ಟಿ ಕೇಳಿದ್ದರು. ಅವಸರದಲ್ಲಿ ರೊಟ್ಟಿ ಪೂರಾ ಆರುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರು. ಮರುದಿನ ಅರ್ಧ ರೊಟ್ಟಿ ಮೆತ್ತಗಾಗಿದ್ದವು. ಖಾನಾವಳಿಯವರು ಹಿಂದಕ್ಕೆ ಕಳಿಸಿದರು.

ಯಾಕೆ ಹೀಗಾಯಿತು? ಬಿಸಿ ರೊಟ್ಟಿಯಿಂದ ಹಬೆ ಬರುತ್ತದೆ. ಚೀಲ ಕಟ್ಟಿದರೆ ಹಬೆ ಹೊರಗೆ ಹೋಗುವುದಿಲ್ಲ. ಒಳಗೇ ನೀರಾಗುತ್ತದೆ. ಆ ನೀರನ್ನು ರೊಟ್ಟಿ ಹೀರುತ್ತದೆ. ಮೆತ್ತಗಾಗುತ್ತದೆ. ಹಾಗೇ ಬಿಟ್ಟರೆ ಬೂಸು ಬರುತ್ತದೆ. ಖಡಕ್ ರೊಟ್ಟಿ ಬಹಳ ದಿನ ಉಳಿಯುವುದು ಅದರಲ್ಲಿ ತೇವ ಇಲ್ಲದ್ದಕ್ಕೆ. ತೇವ ಬಂದರೆ ಅದು ಕೆಟ್ಟಂತೆಯೇ ಲೆಕ್ಕ.

ಬೂಸು ಬಂದ ರೊಟ್ಟಿಯನ್ನು ಬಿಸಿ ಮಾಡಿ ಕೊಡಬಾರದು. ತಿಂದವರಿಗೆ ಕೇಡು. ಕೊಟ್ಟವರಿಗೆ ಕೆಟ್ಟ ಹೆಸರು.

ಇಬ್ಬರೂ ರಾತ್ರಿ ಕುಳಿತು 50 ರೊಟ್ಟಿ ಹೊಸದಾಗಿ ಮಾಡಿಕೊಟ್ಟರು. ಆ ಸಲ ಒಂದು ಪೈಸೆ ಲಾಭ ಆಗಲಿಲ್ಲ. ಆದರೆ ಗಿರಾಕಿ ಕೈಬಿಡಲಿಲ್ಲ.

ಇನ್ನೊಂದು ಮಾತು. ತಿನ್ನುವ ಪದಾರ್ಥ ಮಾಡಿ ಮಾರುವವರಿಗೆ ಕಾನೂನು ಇದೆ. ಅದರ ಹೆಸರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006. ಮನೆಯಲ್ಲಿ ಮಾಡಿ ಮಾರುವ ಸಣ್ಣವರೂ ಹೆಸರು ನೋಂದಣಿ ಮಾಡಿಸಬೇಕು. ಚೀಲ ಕಟ್ಟಿ ಅಂಗಡಿಗೆ ಕೊಡುವಾಗ ಅದರ ಮೇಲೆ ಏನು ಪದಾರ್ಥ, ಯಾರು ಮಾಡಿದ್ದು, ಯಾವ ತಾರೀಖು ಮಾಡಿದ್ದು ಎಂದು ಬರೆದಿರಬೇಕು.

8. ಬಡ್ಡಿಯ ಲೆಕ್ಕ ಮೊದಲೇ ಹಾಕಿ

ಕೆಲಸ ಸ್ವಲ್ಪ ಕುದುರಿದ ಮೇಲೆ ನೆಗೆಣ್ಣಿಗೆ ಆಸೆ ಆಯಿತು. "ದೊಡ್ಡ ಹಂಚು ತರೋಣು, ಜೋಳದ ಚೀಲ ತರೋಣು, 10,000 ಸಾಲ ಮಾಡೋಣು" ಅಂದರು. ಊರಿನಲ್ಲಿ ಒಬ್ಬರು ಕೊಡಲು ತಯಾರಿದ್ದರು. ಬಡ್ಡಿ ನೂರಕ್ಕೆ ಐದು.

ನೂರಕ್ಕೆ ಐದು ಎಂದರೆ ಸಣ್ಣದು ಅನಿಸುತ್ತದೆ. ಆದರೆ ಅದು ತಿಂಗಳಿಗೆ. ಲೆಕ್ಕ ನೋಡಿ.

100 ರೂಪಾಯಿಗೆ ಒಂದು ತಿಂಗಳಿಗೆ 5 ರೂಪಾಯಿ.
12 ತಿಂಗಳಿಗೆ 60 ರೂಪಾಯಿ.
10,000 ರೂಪಾಯಿಗೆ ಒಂದು ವರ್ಷಕ್ಕೆ 6,000 ರೂಪಾಯಿ.

ವರ್ಷವೆಲ್ಲ ಬಡ್ಡಿ ಕಟ್ಟಿದ ಮೇಲೂ ಅಸಲು 10,000 ಹಾಗೇ ಇರುತ್ತದೆ!

ಸ್ವಸಹಾಯ ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಇದ್ದರೆ, ಅದೇ 10,000 ಕ್ಕೆ ವರ್ಷಕ್ಕೆ 1,200 ರೂಪಾಯಿ. ಎಷ್ಟು ಅಂತರ ನೋಡಿ. ಸಾಲ ಬೇಕೇ ಬೇಕು ಎಂದರೆ ಸಂಘಕ್ಕೆ ಹೋಗಿ. ಬ್ಯಾಂಕಿಗೆ ಹೋಗಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಶಿಶು ಸಾಲ ಎಂಬುದಿದೆ. 50,000 ರೂಪಾಯಿವರೆಗೆ ಹೊಲ, ಮನೆ, ಬಂಗಾರ ಅಡ ಇಡದೆ ಕೇಳಬಹುದು. ಆದರೆ ಅದೂ ಸಾಲವೇ. ತೀರಿಸಲೇಬೇಕು.

ಆ ತಾಯಿ ಸಾಲ ಮಾಡಲಿಲ್ಲ. "ಇದ್ದ ಹಂಚಿನಾಗ ಇನ್ನೊಂದ್ ನಾಕ್ ತಿಂಗಳ ನೋಡೋಣು" ಅಂದರು.

9. ಹೊಸ ಕಸುಬು ಕಲಿಯಬೇಕೆಂದರೆ

ಅದೇ ಶಿಬಿರದಲ್ಲಿ ನಮ್ಮೂರ ಒಬ್ಬ ಹುಡುಗ ಮಕ್ಕಳಿಗೆ ಆಟ ಆಡಿಸುತ್ತಿದ್ದ. ಪಿಯುಸಿ ಓದಿದವನು. ಅವನ ಕೆಲಸವೂ ಮುಗಿದಿತ್ತು. ಅವನಿಗೆ ಮೋಟಾರು ರಿಪೇರಿ ಕಲಿಯುವ ಆಸೆ. ಆದರೆ ಕಲಿಸಲು ಹಣ ಕೊಡಬೇಕಲ್ಲ ಎಂದು ಹೆದರಿದ್ದ.

ಅವನಿಗೆ ನಾವು ಒಂದು ವಿಷಯ ಹೇಳಿದೆವು. ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಎಂಬ ಸಂಸ್ಥೆ ಶುರುವಾಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಎರಡು ಬ್ಯಾಂಕುಗಳು ಸೇರಿ ಇದನ್ನು ಮಾಡಿದವು. ಕೆಲಸ ಇಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಕಸುಬು ಕಲಿಸುವುದು ಇದರ ಕೆಲಸ. ಇದು ಚೆನ್ನಾಗಿ ನಡೆಯಿತು. ಇದನ್ನು ನೋಡಿ ಸರಕಾರ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆ ಮಾಡಿಸಿತು. ಅವನ್ನು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಎನ್ನುತ್ತಾರೆ. ಬ್ಯಾಂಕುಗಳು ನಡೆಸುತ್ತವೆ.

ಹೊಲಿಗೆ, ಮೋಟಾರು ರಿಪೇರಿ, ಮೊಬೈಲ್ ರಿಪೇರಿ, ಹೈನುಗಾರಿಕೆ, ಹೀಗೆ ಹಲವು ತರಬೇತಿ ಇರುತ್ತವೆ. ಕೆಲವು ಹತ್ತು ದಿನ. ಕೆಲವು ಒಂದು ತಿಂಗಳು. ಕಲಿಸುವುದು ಪುಕ್ಕಟೆ. ಊಟ, ವಸತಿಯೂ ಪುಕ್ಕಟೆ. 18 ವರ್ಷ ತುಂಬಿರಬೇಕು. ಆ ಹುಡುಗ ಅರ್ಜಿ ಹಾಕಿ ಹೋಗಿ ಕಲಿತು ಬಂದ. ಈಗ ಪೇಟೆಯ ಒಂದು ಅಂಗಡಿಯಲ್ಲಿ ಕೈ ಪಳಗಿಸುತ್ತಿದ್ದಾನೆ.

ಗೊತ್ತಿದ್ದ ಕೆಲಸದಿಂದ ಹೊಸದು ಮಾಡುವುದು ಒಂದು ದಾರಿ. ಗೊತ್ತಿಲ್ಲದ್ದನ್ನು ಕಲಿತು ಮಾಡುವುದು ಇನ್ನೊಂದು ದಾರಿ. ಎರಡೂ ಒಳ್ಳೆಯವೇ. ಕಲಿಯದೆ ಹಣ ಹಾಕುವುದು ಮಾತ್ರ ದಾರಿ ಅಲ್ಲ.

10. ಒಂದು ಕಾಲು ಊರಿ, ಇನ್ನೊಂದು ಕಾಲು ಎತ್ತಿ

ಆ ತಾಯಿ ಈಗ ರೊಟ್ಟಿಯಲ್ಲೇ ಬದುಕು ನಡೆಸುತ್ತಾರೆಯೇ? ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ.

ಗೃಹಪ್ರವೇಶ ಆದ ಮೇಲಿನ ಒಂದು ತಿಂಗಳಲ್ಲಿ ನಾಲ್ಕು ಸಲ ರೊಟ್ಟಿ ಕೇಳಿ ಬಂದರು. ಒಂದು ಸಲ ಮಳೆಗೆ ಹೋಯಿತು. ಮೂರು ಸಲ 500 ರಂತೆ 1,500 ರೂಪಾಯಿ ಅವರ ಪಾಲಿಗೆ ಬಂತು. ಉಳಿದ ದಿನ ಹೊಲದ ಕೆಲಸಕ್ಕೆ ಹೋದರು. ಹೆಸರಿನ ಹೊಲದಲ್ಲಿ ಕಳೆ ತೆಗೆದರು. 12 ದಿನಕ್ಕೆ 350 ರಂತೆ 4,200 ರೂಪಾಯಿ. ಎರಡೂ ಸೇರಿ 5,700 ರೂಪಾಯಿ.

ರೊಟ್ಟಿಯೊಂದನ್ನೇ ನಂಬಿದ್ದರೆ ಮನೆ ನಡೆಯುತ್ತಿರಲಿಲ್ಲ. ರೊಟ್ಟಿ ಬಿಟ್ಟಿದ್ದರೆ ಆ 1,500 ಇರುತ್ತಿರಲಿಲ್ಲ. ನಡೆಯುವಾಗ ನಾವು ಎರಡೂ ಕಾಲು ಒಮ್ಮೆಲೇ ಎತ್ತುವುದಿಲ್ಲ. ಒಂದು ಕಾಲು ಊರಿ, ಇನ್ನೊಂದು ಎತ್ತುತ್ತೇವೆ. ಹೊಸ ಕೆಲಸವೂ ಹಾಗೆಯೇ.

ಶ್ರಾವಣ ಬಂದರೆ ಹಬ್ಬಗಳು ಶುರು. ರೊಟ್ಟಿಗೆ ಜನ ಹೆಚ್ಚು ಬರುತ್ತಾರೆ ಎಂದು ಅವರ ಆಸೆ. ಮನೆಯ ಬಾಗಿಲಿಗೆ ಒಂದು ಹಲಗೆ ಹಾಕಿದ್ದಾರೆ. ಅವರೇ ಸುಣ್ಣದಲ್ಲಿ ಬರೆದದ್ದು. "ಇಲ್ಲಿ ಖಡಕ್ ರೊಟ್ಟಿ ಸಿಗುತ್ತವೆ. ಮೊದಲೇ ತಿಳಿಸಿರಿ." ಮೊದಲು ಬರೆದಾಗ ಟ ಒತ್ತು ಬಿಟ್ಟಿತ್ತು. ನಾಲ್ಕನೆಯ ತರಗತಿಯ ಮಗಳು ನೋಡಿ ಹೇಳಿದಳು. ತಾಯಿ ಒರೆಸಿ ಮತ್ತೆ ಬರೆದರು.

ಬರುವ ಬೇಸಿಗೆಗೆ ಮತ್ತೆ ಶಿಬಿರಕ್ಕೆ ಕರೆದರೆ ಹೋಗುತ್ತೀರಾ ಎಂದು ಕೇಳಿದೆವು.

"ಹೋಗ್ತೀನ್ರಿ. ಯಾಕ ಹೋಗಬಾರ್ದು? ಆದ್ರ ಮೊದಲನೇ ದಿನಾನ ಕೂಲಿ ಎಷ್ಟು, ದಿನ ಎಷ್ಟು ಅಂತ ಬರಸ್ಕೊಂಡು ಹೋಗ್ತೀನಿ" ಅಂದರು.

ನೆನಪಿಡಿ

• ಕೆಲಸಕ್ಕೆ ಹೋದ ದಿನವೇ ತಾರೀಖು ಬರೆದು ಗೆರೆ ಎಳೆಯಿರಿ.
• ಓದದೆ ಸಹಿ ಮಾಡಬೇಡಿ.
• ಬಂದ ಹಣವನ್ನು ಬಂದ ದಿನವೇ ಹಂಚಿ ಇಡಿ.
• ಹೊಸ ಕೆಲಸವನ್ನು ಸಣ್ಣದಾಗಿ ಮಾಡಿ ನೋಡಿ.
• ಖರ್ಚಿನ ಲೆಕ್ಕದಲ್ಲಿ ನಿಮ್ಮ ಕೂಲಿಯನ್ನೂ ಬರೆಯಿರಿ.
• ಮೊದಲು ಕೊಳ್ಳುವವರು, ಆಮೇಲೆ ಒಲೆ.
• ಬಡ್ಡಿ ತಿಂಗಳಿಗೋ, ವರ್ಷಕ್ಕೋ ಎಂದು ಕೇಳಿ.

ಯೋಚಿಸಿ, ಬರೆಯಿರಿ

1. ನೀವು ಹೋದ ವರ್ಷ ಮಾಡಿದ ಒಂದು ಹಂಗಾಮಿನ ಕೆಲಸ ಯಾವುದು? ಎಷ್ಟು ದಿನ ಮಾಡಿದಿರಿ? ಕೂಲಿ ಪೂರಾ ಬಂತೇ?
2. ಆ ಕೆಲಸದಲ್ಲಿ ನೀವು ಕಲಿತ ಐದು ಸಂಗತಿ ಬರೆಯಿರಿ.
3. ಮೊದಲ ಸಲ ಮಾಡಿದ 90 ರೊಟ್ಟಿಯೂ 10 ರೂಪಾಯಿಯಂತೆ ಮಾರಿದ್ದರೆ ಎಷ್ಟು ಹಣ ಬರುತ್ತಿತ್ತು? ಖರ್ಚು 450 ಕಳೆದರೆ ಎಷ್ಟು ಉಳಿಯುತ್ತಿತ್ತು? ಆಗಲಾದರೂ 500 ರೂಪಾಯಿ ಕೂಲಿ ಗಿಟ್ಟುತ್ತಿತ್ತೇ?
4. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 5,000 ರೂಪಾಯಿಗೆ ಒಂದು ವರ್ಷದ ಬಡ್ಡಿ ಎಷ್ಟು?

ಉತ್ತರ ಬರೆದು ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂಡಿ ನೋಡೋಣ.